ನಾಯಿಸಾಸಿವೆಯ ಕಾಯಿ

ಇದು ಸಾಸಿವೆ ಕುಟುಂಬದ ಹೂವು ಎಂದು ಹೇಳುವುದು ಸುಲಭ. ಆ ಕುಟುಂಬದಲ್ಲಿ ಯಾವುದು ಎಂದು ಹೇಳುವುದೇ ಕಷ್ಟ. ಎದುರುಬದುರಾಗಿ ನಾಲ್ಕು ಎಸಳು, ಆರು ಕೇಸರ. ಆರರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ನಮ್ಮ ಹಿತ್ತಲಲ್ಲಿ ಕೀಳದೆ ಬಿಟ್ಟು ಹೂವಾದ ಮೂಲಂಗಿ, ಬಾಣಂತಿಯರಿಗೆ ಬೇಕಾಗುವ ಅಳವಿ, ಒಗ್ಗರಣೆಯ ಸಾಸಿವೆ, ಈ ಮೂರರ ಹೂವನ್ನೂ ಬಿಡಿಸಿ ಎಣಿಸಿದ್ದೇನೆ. ಲೆಕ್ಕ ಒಂದೇ. ಕಾಯಿ ಕಟ್ಟಿದಾಗ ಮಾತ್ರ ಮೂರರ ಗುಟ್ಟೂ ಹೊರಬೀಳುತ್ತದೆ. ಸಾಸಿವೆಯದು ತೆಳ್ಳನೆಯ ಕೋಡು, ಒಣಗಿದರೆ ಬುಡದಿಂದ ಬಿರಿಯುತ್ತದೆ, ನಡುವೆ ಕಾಗದದಂಥ ಪರದೆ ಉಳಿಯುತ್ತದೆ. ಮೂಲಂಗಿಯ ಉಬ್ಬಿದ ಕಾಯಿ ಬಿರಿಯುವುದೇ ಇಲ್ಲ. ಅಳವಿಯದು ಚಪ್ಪಟೆ, ತುದಿಯಲ್ಲಿ ಸಣ್ಣ ಕಚ್ಚು, ಒಳಗೆ ಎರಡೇ ಬೀಜ.

ಹಿಮಾಲಯದ ಎತ್ತರದಲ್ಲಿ ಈ ತೊಡಕು ಇನ್ನೂ ಹೆಚ್ಚು. 1955ರಲ್ಲಿ ಎನ್.ಡಿ. ಜಯಾಲ್ ಅವರು ಕಾಮೆಟ್ ಪರ್ವತದಲ್ಲಿ ಸುಮಾರು 6,400 ಮೀಟರ್ ಎತ್ತರದಲ್ಲಿ ಕಂಡ ಹೂಗಿಡಗಳಲ್ಲಿ ಒಂದು ಸಾಸಿವೆಯ ಬಳಗದ್ದೇ. ಅಲ್ಲಿನ ಡ್ರಾಬಾ ಎಂಬ ಗಿಡಗಳು ಕಲ್ಲಿನ ಸಂದಿಯಲ್ಲಿ ಗುಪ್ಪೆಯಾಗಿ ಕೂತಿರುತ್ತವೆ. ಚಾರಣಕ್ಕೆ ಹೋದ ಗೆಳೆಯರು ಮೇಲಿನಿಂದ ತೆಗೆದ ಫೋಟೊ ಕಳಿಸಿ ಹೆಸರು ಕೇಳುತ್ತಾರೆ. ಎಸಳಿನ ಬಣ್ಣದಿಂದ ಏನೂ ಹೇಳಲಾಗದು. ಎಲೆಯ ಮೇಲಿನ ರೋಮ ಒಂಟಿಯೋ, ಕವಲೊಡೆದಿದೆಯೋ, ನಕ್ಷತ್ರದಂತಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಕಾಯಂತೂ ಬೇಕೇ ಬೇಕು.

ಮನೋಳಿಯಲ್ಲಿ ಹಿಮವೂ ಇಲ್ಲ, ಡ್ರಾಬಾವೂ ಇಲ್ಲ. (ಸರಕಾರಿ ಕಾಗದದಲ್ಲಿ ಮುನವಳ್ಳಿ, ನಮ್ಮ ಬಾಯಲ್ಲಿ ಮನೋಳಿ. ಎರಡು ಹೆಸರಿನ ತಾಪತ್ರಯ ಗಿಡಗಳಿಗಷ್ಟೇ ಅಲ್ಲ.) ಮಲಪ್ರಭೆಯ ದಂಡೆಯ ಎರೆ ಹೊಲಗಳಲ್ಲಿ ಮಳೆಗಾಲಕ್ಕೆ ಏಳುವುದು ನಾಯಿಸಾಸಿವೆ. ಹಳದಿ ಹೂವು, ನಾಲ್ಕೇ ಎಸಳು. ಆದರೆ ನಾಲ್ಕೂ ಒಂದೇ ಕಡೆಗೆ ವಾಲಿರುತ್ತವೆ, ಕೇಸರಗಳು ಆರಕ್ಕಿಂತ ಬಹಳ ಹೆಚ್ಚು. ಕಾಯಿ ತುದಿಯಿಂದ ಬಿರಿಯುತ್ತದೆ, ನಡುವೆ ಪರದೆ ಇಲ್ಲ. ಪುಸ್ತಕದ ಪ್ರಕಾರ ಇದು ಸಾಸಿವೆಯಲ್ಲ, ಕ್ಲಿಯೋಮ್.

ಹೆಸರಿನ ಹಿಂದೆ 'ನಾಯಿ' ಹಚ್ಚಿದವರೂ ಅದನ್ನೇ ಹೇಳಿದ್ದಾರಲ್ಲ: ಸಾಸಿವೆಯಂತಿದೆ, ಸಾಸಿವೆಯಲ್ಲ. ವಿಜ್ಞಾನಿಗಳಿಗೇ ಈ ತೀರ್ಮಾನಕ್ಕೆ ಬಹಳ ಕಾಲ ಹಿಡಿಯಿತು. ಹಳೆಯ ಸಸ್ಯಗ್ರಂಥಗಳು ಕ್ಲಿಯೋಮನ್ನು ಕ್ಯಾಪರಿಸ್ ಕುಟುಂಬದಲ್ಲಿಟ್ಟಿದ್ದವು. ಡಿಎನ್‌ಎ ನೋಡಿ ಮಾಡಿದ 1998ರ ವರ್ಗೀಕರಣ ಆ ಕುಟುಂಬವನ್ನೇ ಸಾಸಿವೆಯ ಮನೆಯೊಳಗೆ ಸೇರಿಸಿತು. 2009ರಲ್ಲಿ ಮತ್ತೆ ಬೇರೆ ಮಾಡಿ, ಕ್ಲಿಯೋಮಿಗೆ ಸ್ವಂತ ಮನೆ ಕೊಟ್ಟರು, ಸಾಸಿವೆಯ ಅತಿ ಹತ್ತಿರದ ನೆಂಟ ಎಂದರು. ನಮ್ಮ ಹೊಲದವರ ಹೆಸರು ಈ ಗಲಾಟೆಯಲ್ಲಿ ಕದಲಲೇ ಇಲ್ಲ.

ಅವರ ಗುರುತು ಹೂವಿನದೂ ಅಲ್ಲ, ಕಾಯಿಯದೂ ಅಲ್ಲ. ಕಸ ತೆಗೆಯುತ್ತಿದ್ದ ಹಿರಿಯಳೊಬ್ಬಳು ಗೇಣುದ್ದದ ಸಸಿಯೊಂದನ್ನು ಕಿತ್ತು ನನ್ನ ಕೈಗಿಟ್ಟಳು. "ಮುಟ್ಟಿ ನೋಡು ತಮ್ಮಾ, ಬೆರಳಿಗೆ ಅಂಟತೈತಿ. ಮೂಸಿ ನೋಡು." ಅಂಟಿತು, ವಾಸನೆಯೂ ಘಾಟು. ಆ ಸಸಿಯಲ್ಲಿ ಮೊಗ್ಗೂ ಇರಲಿಲ್ಲ. ಪುಸ್ತಕ ಓದುವ ನನಗೆ ಕಾಯಿ ಬರುವತನಕ ಕಾಯಬೇಕು. ಅವಳಿಗೆ ಕಾಯಿ ಬಂದರೆ ಕೆಲಸ ಕೆಟ್ಟಿತು, ಬೀಜ ಸಿಡಿದು ಮುಂದಿನ ಮಳೆಗೆ ಹೊಲವೆಲ್ಲ ಅದೇ. ಹಾಗಾಗಿ ಗಿಡದ ಹೆಸರು ಅವಳಿಗೆ ನನಗಿಂತ ತಿಂಗಳ ಮೊದಲೇ ಗೊತ್ತಿರಬೇಕು. ಗೊತ್ತಿದೆ ಕೂಡ. ಈಗೀಗ ಕಳೆನಾಶಕ ಹೊಡೆಯುವ ಹೊಲದಲ್ಲಿ ಯಾರೂ ಮುಟ್ಟುವುದಿಲ್ಲ, ಮೂಸುವುದಿಲ್ಲ. ಅಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಕಸ.

ಕಾಯಿ ನೋಡಬೇಕು, ಬದುವಿನ ಮೇಲೆ ಎರಡು ಗಿಡ ಬಿಡು ಆಯೀ ಎಂದು ಕೇಳಿಕೊಂಡೆ.

"ಬದುವಿನ ಮ್ಯಾಲ ಬಿಟ್ರ ಹೊಲಕ್ಕ ಬರೂದಿಲ್ಲೇನು?" ಎಂದು ಅವನ್ನೂ ಕಿತ್ತು ಉಡಿಯಲ್ಲಿ ಹಾಕಿಕೊಂಡು ಮುಂದಿನ ಸಾಲಿಗೆ ಹೋದಳು.