ಅಗಲಿದವರಿಗೊಂದು ಮಡಕೆ

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದವರಿಗೆ ನಾಯಂಡಹಳ್ಳಿ ಅಪರಿಚಿತವಲ್ಲ. ವೃಷಭಾವತಿಯ ಬದಿಯ ಈ ಊರು ಇಂದು ಹಳ್ಳಿಯಾಗಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ಹೊರವರ್ತುಲ ರಸ್ತೆ ಮೈಸೂರು ರಸ್ತೆಯನ್ನು ಸಂಧಿಸುವುದು ಇಲ್ಲಿಯೇ. ೨೦೨೧ರ ಆಗಸ್ಟ್ ತಿಂಗಳಿನಿಂದ ಮೆಟ್ರೋ ರೈಲೂ ಎತ್ತರದ ಕಂಬಗಳ ಮೇಲೆ ಓಡಾಡುತ್ತಿದೆ. ಈ ಗದ್ದಲದ ಮಗ್ಗುಲಲ್ಲಿ ಮೈಸೂರು ರೈಲು ಮಾರ್ಗದ ಪುಟ್ಟ ನಿಲ್ದಾಣವೊಂದುಂಟು. ಒಂದು ಭಾನುವಾರ ಬೆಳಗ್ಗೆ ಅಲ್ಲಿ ರೈಲು ಹತ್ತಿ ನಾನು ಹೊರಟದ್ದು ಸ್ಮಶಾನ ನೋಡಲು ಎಂದರೆ ವಾಚಕರು ನಕ್ಕಾರು. ಆದರೆ ಅದು ಇಂದು ನಿನ್ನೆಯ ಸ್ಮಶಾನವಲ್ಲ. ಸುಮಾರು ಎರಡು ಸಾವಿರ ವರ್ಷಗಳಷ್ಟಾದರೂ ಹಳೆಯದು.

ಹೋಗಲು ಕಾರಣವೊಂದಿತ್ತು. ಕಳೆದ ವರ್ಷ ನನ್ನ ತಾಯಿ ತೀರಿಕೊಂಡರು. ಮೂರನೆಯ ದಿನ ಹಾಲು-ತುಪ್ಪ ಬಿಡಲು ಸಮಾಧಿಗೆ ಹೋದಾಗ ನನ್ನ ಅಕ್ಕ ಎಲೆಯ ಮೇಲೆ ಅನ್ನ ಬಡಿಸಿ, ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆಯಲ್ಲಿ ಹುರುಳಿಯ ಸಾರನ್ನಿಟ್ಟಳು. “ಅಮ್ಮನಿಗೆ ಬಿಸಿಯಾಗಿರಬೇಕು,” ಎಂದು ಅದನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ನಾಲ್ಕಕ್ಷರ ಕಲಿತ ನಾನು, “ಉಣ್ಣುವವರು ಯಾರು?” ಎಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಆ ಮೌನ ಅಂದಿನಿಂದ ನನ್ನ ಬೆನ್ನು ಹತ್ತಿತ್ತು.

ಕೆಂಗೇರಿ ದಾಟಿದ ಮೇಲೆ ಬರುವುದೇ ಹೆಜ್ಜಾಲ. ಇಲ್ಲಿನ ಶಿಲಾವೃತ್ತ ಸಮಾಧಿಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಸೇರಿವೆ. ಮಾಗಡಿಯ ಕಡೆಯ ಸಾವನದುರ್ಗದ ಬಳಿಯೂ ಇಂತಹ ಸಮಾಧಿಗಳಿದ್ದು, ಬ್ರಾನ್‌ಫಿಲ್ ಎಂಬ ಆಂಗ್ಲ ಅಧಿಕಾರಿ ೧೮೮೧ರಷ್ಟು ಹಿಂದೆಯೇ ಅವುಗಳ ವಿಚಾರವಾಗಿ ಬರೆದಿದ್ದಾನೆ. ಬೇಲೂರಿನ ಶಿಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇಂತಹ ಸ್ಥಳಗಳಲ್ಲಿ ನಿರಾಶೆಯೇ ಗತಿ. ಉಳಿಯ ನಯ ಕಾಣದ ಒರಟು ಗುಂಡುಗಳು ದುಂಡಗೆ ಕುಳಿತಿರುತ್ತವೆ, ಅಷ್ಟೆ. ನಮ್ಮ ನಾಡಿನ ಜನ ಇವನ್ನು ಕೆಲವೆಡೆ ಪಾಂಡವರ ಮನೆ ಎಂದರೆ, ಕೆಲವೆಡೆ ಮೋರಿಯರ ಮನೆ ಎನ್ನುತ್ತಾರೆ. ಮೂರು ಗೇಣುದ್ದದ ಕುಳ್ಳರು ಇಲ್ಲಿ ಬಾಳಿದರೆಂದು ಕಥೆ ಹೇಳುತ್ತಾರೆ. ಸತ್ತವರ ಗೋರಿಯನ್ನು ಜನ ಮನೆಯೆಂದೇ ಕರೆದದ್ದು ಎಷ್ಟು ಸಾರ್ಥಕವಾದ ತಪ್ಪು!

ಇಂತಹ ವೃತ್ತಗಳ ಒಡಲಲ್ಲಿ ಏನಿರುತ್ತದೆಂಬುದನ್ನು ಅರಿಯಲು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯತ್ತ ಮನಸ್ಸನ್ನು ಹರಿಸಬೇಕು. ಅಶೋಕನ ಶಾಸನದಿಂದ ಹೆಸರಾದ ಆ ಸ್ಥಳದಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ವೃತ್ತದ ನಡುವೆ ನೆಲದೊಳಗೆ ದೊಡ್ಡ ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ಕಟ್ಟಿದ ಕಲ್ಲಿನ ಕೋಣೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಮನುಷ್ಯರ ಎಲುಬುಗಳು, ಕಬ್ಬಿಣದ ಆಯುಧಗಳು, ಮಣಿಗಳು. ಜೊತೆಗೆ ಮಡಕೆಗಳು: ಬಟ್ಟಲು, ಗಡಿಗೆ, ಮುಚ್ಚಳ, ತಳ ದುಂಡಗಿರುವ ಪಾತ್ರೆ ಉರುಳದಂತೆ ಆಧಾರವಾಗಿಡುವ ಮಣ್ಣಿನ ಸಿಂಬಿ. ಸಂಸಾರ ಹೂಡುವವರಿಗೆ ಕೊಟ್ಟು ಕಳುಹಿಸುವ ಸಾಮಾನಿನಂತೆಯೇ ಇದೆಯಲ್ಲವೇ?

ಈ ಮಡಕೆಗಳಲ್ಲಿ ಹಲವು ಒಳಗೂ ಬಾಯಿಯ ಅಂಚಿಗೂ ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲಾಗಿಟ್ಟು ಸುಟ್ಟಾಗ ಗಾಳಿ ತಾಗದ ಭಾಗ ಹೊಗೆಯಿಂದ ಕಪ್ಪಾಗಿ, ಗಾಳಿ ತಾಗಿದ ಭಾಗ ಕೆಂಪಾಗುತ್ತದೆಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. ಮೈಯನ್ನು ನುಣುಪಾಗಿ ಉಜ್ಜಿ ಹೊಳಪು ಕೊಟ್ಟಿರುವುದೂ ಉಂಟು. ಮತ್ತೆಂದೂ ಬೆಳಕು ಕಾಣದ ಪಾತ್ರೆಗೆ ಹೊಳಪೇಕೆ? ನನ್ನ ಅಕ್ಕನನ್ನು ಕೇಳಿದ ಪ್ರಶ್ನೆಯೂ ಇದೇ ಜಾತಿಯದಲ್ಲವೇ ಎಂದು ಆಗ ಹೊಳೆಯಿತು.

ಬೃಹತ್ ಶಿಲೆಗಳ ಈ ಗೋರಿಗಳಲ್ಲಿ ಅನೇಕ ವೇಳೆ ಪೂರ್ಣ ಅಸ್ಥಿಪಂಜರವಿರುವುದಿಲ್ಲ; ಆಯ್ದ ಎಲುಬುಗಳು ಮಾತ್ರ, ಕೆಲವೊಮ್ಮೆ ಹಲವರದು ಒಟ್ಟಿಗೆ. ದೇಹವನ್ನು ಮೊದಲು ಬೇರೆಡೆ ಇರಿಸಿ, ಮಾಂಸ ಕರಗಿದ ಮೇಲೆ ಉಳಿದುದನ್ನು ತಂದು ಇಲ್ಲಿ ಸೇರಿಸುತ್ತಿದ್ದರು. ಅಂದರೆ ಸಾವಿನ ಋಣ ಒಂದು ದಿನದಲ್ಲಿ ತೀರುತ್ತಿರಲಿಲ್ಲ. ಕಾಯಬೇಕು, ಮರಳಿ ಬರಬೇಕು, ಎಲುಬನ್ನು ಕೈಯಾರೆ ಎತ್ತಬೇಕು, ಚಪ್ಪಡಿ ಸಾಗಿಸಬೇಕು, ಮಡಕೆ ಜೋಡಿಸಬೇಕು.

ಬ್ರಹ್ಮಗಿರಿಯಲ್ಲಿ ಇನ್ನೂ ಹಿಂದಿನ, ನವಶಿಲಾಯುಗದ ಪದರಗಳಲ್ಲಿ ಕಂಡದ್ದು ಎದೆ ಕಲಕುವಂಥದು. ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದ ಜನ, ಎಳೆಯ ಕೂಸುಗಳನ್ನು ಗಡಿಗೆಯಲ್ಲಿ ಮುದುಡಿ ಮಲಗಿಸಿ ಹೂಳಿದ್ದರು. ಹೊಟ್ಟೆಯಂತೆ ದುಂಡಾದ ಮಣ್ಣಿನ ಪಾತ್ರೆಯೊಳಗೆ ಕೂಸು! ಅವರ ನಂಬಿಕೆ ಏನಿತ್ತೆಂದು ಹೇಳುವ ಬರಹವಿಲ್ಲ. ಆದರೆ ಆ ಗಡಿಗೆಯನ್ನು ಮಣ್ಣಿಗಿಳಿಸಿದ ಕೈ ನಡುಗಿರಲಿಲ್ಲವೆಂದು ಯಾರು ಹೇಳಬಲ್ಲರು?

ಇಷ್ಟನ್ನೂ ನಾವು ತಿಳಿದದ್ದು ವಸ್ತುಗಳು ಇಟ್ಟಲ್ಲಿಯೇ ಇದ್ದುದರಿಂದ. ಮಡಕೆ ಯಾವ ದಿಕ್ಕಿನಲ್ಲಿತ್ತು, ಯಾವ ಎಲುಬಿನ ಪಕ್ಕದಲ್ಲಿತ್ತು ಎಂಬುದೇ ಅದರ ಮಾತು. ನಿಧಿಯ ಆಸೆಗೆ ಅಗೆದವನ ಕೈಗೆ ಸಿಗುವುದು ಒಡಕು ಬೋಕಿ. ವೃತ್ತದ ಕಲ್ಲನ್ನು ಜಲ್ಲಿಗೆಂದು ಒಯ್ದವನಿಗೆ ಸಿಗುವುದು ಒಂದು ಗಾಡಿ ಜಲ್ಲಿ. ನಾಡಿನ ಎಷ್ಟೋ ಸಮಾಧಿಗಳು ಹೀಗೆ ಮೂಕವಾಗಿವೆ. ನಗರವೂ ಮೈಸೂರು ರಸ್ತೆಯುದ್ದಕ್ಕೂ ಹೆಜ್ಜಾಲದ ಕಡೆಗೇ ಬೆಳೆಯುತ್ತಿದೆ. ಕಾಯ್ದೆಯ ಫಲಕ ಒಂದಿಷ್ಟು ಕಾದೀತು. ಇದು ಯಾರೋ ತಮ್ಮವರನ್ನು ಮಲಗಿಸಿದ ಸ್ಥಳವೆಂಬ ಭಾವನೆ ಅದಕ್ಕಿಂತ ಚೆನ್ನಾಗಿ ಕಾದೀತು.

ಸಂಜೆಯ ರೈಲಿನಲ್ಲಿ ನಾಯಂಡಹಳ್ಳಿಗೆ ಮರಳಿದೆ. ನಿಲ್ದಾಣದಿಂದ ಹೊರಬಂದು ಅಕ್ಕನಿಗೆ ಫೋನು ಮಾಡಿ, “ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಕುಡಿಕೆ ನಾನು ತರುತ್ತೇನೆ,” ಎಂದೆ. ಅವಳು ಅರೆಗಳಿಗೆ ಸುಮ್ಮನಿದ್ದು, “ಒಡಕಿಲ್ಲದ್ದು ನೋಡಿ ತಾ,” ಎಂದಳು.