ರೋಗಿಯ ಬಳಿಯ ಪಾಠ

ಅಮೆರಿಕದ ಕೆಂಟಕಿ ಸಂಸ್ಥಾನದ ಪೂರ್ವಭಾಗವು ಗುಡ್ಡಗಾಡು ಪ್ರದೇಶ. ನೂರು ವರ್ಷಗಳ ಹಿಂದೆ ಅಲ್ಲಿ ಒಳ್ಳೆಯ ರಸ್ತೆಗಳಿರಲಿಲ್ಲ, ವೈದ್ಯರಂತೂ ಅಪರೂಪ. ತಮ್ಮ ಇಬ್ಬರು ಮಕ್ಕಳನ್ನೂ ಎಳವೆಯಲ್ಲಿಯೇ ಕಳೆದುಕೊಂಡಿದ್ದ ಮೇರಿ ಬ್ರೆಕಿನ್‌ರಿಜ್ ಎಂಬ ದಾದಿ 1925ರಲ್ಲಿ ಅಲ್ಲಿ ಒಂದು ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಅದರ ದಾದಿಯರು ಕುದುರೆಯೇರಿ, ತೊರೆಗಳನ್ನು ದಾಟಿ, ಮನೆಮನೆಗೆ ಹೋಗಿ ಬಾಣಂತಿಯರನ್ನೂ ಶಿಶುಗಳನ್ನೂ ನೋಡಿಕೊಳ್ಳುತ್ತಿದ್ದರು. 1939ರಲ್ಲಿ ಸಂಸ್ಥೆಯು ಹೆರಿಗೆಯ ವಿದ್ಯೆಯನ್ನು ಕಲಿಸುವ ಶಾಲೆಯೊಂದನ್ನೂ ತೆರೆಯಿತು.

1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ದಾದಿ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಹೊಸದೊಂದು ಶಿಕ್ಷಣಕ್ರಮವನ್ನು ಆರಂಭಿಸಿದರು. ರೋಗವನ್ನು ಗುರುತಿಸಿ ಚಿಕಿತ್ಸೆ ಮಾಡಬಲ್ಲ ‘ನರ್ಸ್ ಪ್ರಾಕ್ಟಿಷನರ್’ ಎಂಬ ವೃತ್ತಿ ಹುಟ್ಟಿದುದು ಹೀಗೆ. 1970ರಲ್ಲಿ ಕೆಂಟಕಿಯ ಆ ಶಾಲೆಯೂ ಮಕ್ಕಳಿಂದ ಮುದುಕರವರೆಗೆ ಇಡೀ ಕುಟುಂಬವನ್ನು ನೋಡಿಕೊಳ್ಳುವ ದಾದಿಯರನ್ನು ತಯಾರುಮಾಡತೊಡಗಿತು.

ಈ ವಿದ್ಯೆಗೆ ಗ್ರಂಥಜ್ಞಾನ ಅವಶ್ಯಕ. ಆದರೆ ಅಷ್ಟೇ ಸಾಲದು. 2022ರಲ್ಲಿ ಅಲ್ಲಿ ಗೊತ್ತುಪಡಿಸಿದ ನಿಯಮದಂತೆ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 750 ಗಂಟೆಗಳನ್ನು ರೋಗಿಗಳ ನೇರ ಆರೈಕೆಯಲ್ಲಿ ಕಳೆಯಬೇಕು. ಅನುಭವಿಯಾದ ಮಾರ್ಗದರ್ಶಕರೊಬ್ಬರು ಜೊತೆಗಿರುತ್ತಾರೆ.

ಕೆಮ್ಮುವ ಮಗುವೊಂದನ್ನು ತಾಯಿ ಕರೆತಂದಳೆನ್ನೋಣ. ವಿದ್ಯಾರ್ಥಿನಿ ಮೊದಲು ತಾಯಿಯ ಮಾತನ್ನು ಪೂರ್ತಿ ಕೇಳಬೇಕು. ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ, ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಭಾಗ ಒಳಸೇದುತ್ತದೆಯೆ ಎಂದು ನೋಡಬೇಕು. ಇದು ಸಾಧಾರಣ ನೆಗಡಿಯೋ, ಶ್ವಾಸಕೋಶದ ಉರಿಯೂತವೋ? ಮನೆಗೆ ಕಳುಹಿಸಬಹುದೋ, ಆಸ್ಪತ್ರೆಗೆ ಸೇರಿಸಬೇಕೋ? ತನ್ನ ತೀರ್ಮಾನವನ್ನು ಅವಳು ಕಾರಣಸಹಿತ ಮಾರ್ಗದರ್ಶಕರಿಗೆ ತಿಳಿಸುತ್ತಾಳೆ. ಅವರು ಮಗುವನ್ನು ತಾವೂ ಪರೀಕ್ಷಿಸಿ, ಅವಳ ಕಣ್ಣಿಗೆ ಬೀಳದುದನ್ನು ತೋರಿಸಿಕೊಡುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಒಂದು ಮನೆಯ ದೀಪವೇ ಆರಬಹುದು.

ಈ ಶಿಕ್ಷಣದಲ್ಲಿ ಅತ್ಯಂತ ಕಠಿಣವಾದ ಪಾಠ ಔಷಧಗಳ ಹೆಸರಲ್ಲ. ತನ್ನ ಅರಿವಿನ ಮೇರೆಯನ್ನು ತಿಳಿಯುವುದು. ‘ಇದು ನನ್ನಿಂದಾಗದು, ತಜ್ಞರಿಗೆ ತೋರಿಸೋಣ’ ಎಂದು ಸಕಾಲದಲ್ಲಿ ಹೇಳುವುದಕ್ಕೆ ಧೈರ್ಯವೂ ಬೇಕು, ವಿನಯವೂ ಬೇಕು. ದೂರದ ಹಳ್ಳಿಯಲ್ಲಿ ಒಬ್ಬಳೇ ನಿಂತು ನಿರ್ಣಯಿಸಬೇಕಾದ ದಿನ ಅವಳ ಕೈಹಿಡಿಯುವುದು ಈ ವಿವೇಕವೇ.

ಇಂತಹ ಮಾರ್ಗದರ್ಶಕರು ದೊರೆಯುವುದು ಸುಲಭವಲ್ಲ. ಕಾದು ಕುಳಿತ ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಅವರು ಕಲಿಸಬೇಕು. ರೋಗಿಯೂ ತನ್ನ ನೋವಿನ ನಡುವೆ ಒಂದೇ ಪ್ರಶ್ನೆಗೆ ಎರಡು ಬಾರಿ ಉತ್ತರಿಸಿ, ಎರಡು ಬಾರಿ ಪರೀಕ್ಷೆಗೆ ಒಡ್ಡಿಕೊಳ್ಳುತ್ತಾನೆ. ಆ ತಾಳ್ಮೆಯಿಲ್ಲದಿದ್ದರೆ ಯಾವ ದಾದಿಯೂ ಸಿದ್ಧಳಾಗಲಾರಳು. ಆದ್ದರಿಂದ ಅವನೂ ಅವಳ ಗುರುಗಳಲ್ಲಿ ಒಬ್ಬ.