ಪರದೇಶದ ಲಗ್ನಕ್ಕೆ ಊರ ಸಾಕ್ಷಿ

ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ಈ ವರೆಗೆ ನಡೆದ ಲಗ್ನಗಳಿಗೆಲ್ಲ ಹಂದರ, ಅಕ್ಷತೆ, ನಾಲ್ಕು ಮಂದಿ ಹಿರಿಯರು ಇಷ್ಟೇ ಸಾಕಾಗಿದ್ದವು. ಹೋದ ವರುಷ ನನ್ನ ತಮ್ಮನ ಮಗಳು, ತಾನು ಉದ್ಯೋಗದಲ್ಲಿರುವ ಇಂಗ್ಲಂಡದಲ್ಲಿಯೇ ಮದುವೆಯಾಗುವೆನೆಂದು ತಿಳಿಸಿದಾಗ, ಇಷ್ಟು ಸಾಲದೆಂಬ ಮಾತು ಮೊದಲ ಸಲ ನಮ್ಮ ಹೊಸ್ತಿಲನ್ನು ದಾಟಿ ಬಂದಿತು. ವರನೂ ನಮ್ಮ ದೇಶದವನೇ, ಅಲ್ಲಿಯೇ ನೌಕರಿಯಲ್ಲಿರುವನು.

ಆಕೆ ತಿಳಿಸಿದ ಸಂಗತಿ ಹೀಗಿತ್ತು: ಅಲ್ಲಿ ಮನೆಗೆ ಪುರೋಹಿತರನ್ನು ಕರೆಯಿಸಿ ತಾಳಿ ಕಟ್ಟಿದ ಮಾತ್ರಕ್ಕೆ ಕಾಯದೆಯ ಕಣ್ಣಿಗೆ ಅದು ಲಗ್ನವೆನಿಸದು. ವಧೂವರರು ಏಳು ದಿನಗಳಾದರೂ ಅಲ್ಲಿ ವಾಸವಾಗಿದ್ದು, ನೋಂದಣಿ ಕಚೇರಿಗೆ ಸ್ವತಃ ಹೋಗಿ ನೋಟೀಸು ಕೊಡಬೇಕು. ಅದು 28 ದಿನ ಎಲ್ಲರ ಕಣ್ಣಿಗೆ ಬೀಳುವಂತೆ ಇರುವದು. ಪರದೇಶದವರಾದರೆ ಈ ಅವಧಿ 70 ದಿನಗಳಿಗೂ ಬೆಳೆಯಬಹುದು. ಬಳಿಕ ಇಬ್ಬರು ಸಾಕ್ಷಿಗಳ ಎದುರಿಗೆ ಲಗ್ನ. ಬರಿಯ ಪ್ರವಾಸದ ವೀಸಾದ ಮೇಲೆ ಹೋದವರು ಅಲ್ಲಿ ಲಗ್ನವಾಗುವಂತಿಲ್ಲ. ಅದಕ್ಕೆ ಬೇರೆ ವೀಸಾ ಬೇಕು.

ಇದನ್ನು ಓದಿ ಹೇಳಿದಾಗ ನನ್ನ ತಾಯಿಯವರಿಗೆ ಸಿಟ್ಟು ಬಂದಿತು. “ಲಗ್ನದ ಸುದ್ದೀನ ಗ್ವಾಡಿಗೆ ಹಚ್ಚತಾರಂದರ, ಇದೇನು ಲಿಲಾವಿನ ಕಾಗದ ಏನೋ?” ಎಂದರು. ನನಗೂ ಮೊದಲು ಹಾಗೆಯೇ ಅನಿಸಿತು.

ಆದರೆ ನಮ್ಮ ಬಳಗದ ಒಬ್ಬ ಹುಡುಗಿಯ ನೆನಪು ನನ್ನನ್ನು ಬಿಡಲಿಲ್ಲ. ಪರದೇಶದಿಂದ ರಜೆಗೆ ಬಂದವನಿಗೆ ಎಂಟೇ ದಿನಗಳಲ್ಲಿ ಆಕೆಯನ್ನು ಕೊಟ್ಟರು. ಅಲ್ಲಿ ಅವನಿಗೆ ಮೊದಲೇ ಒಬ್ಬ ಹೆಂಡತಿ ಇದ್ದಳೆಂದು ತಿಳಿಯುವಷ್ಟರಲ್ಲಿ ವರುಷ ಕಳೆದಿತ್ತು. ಲಗ್ನದ ನೋಂದಣಿಯನ್ನೂ ಯಾರೂ ಮಾಡಿಸಿರಲಿಲ್ಲ. ಅಂದು ಹಂದರದಲ್ಲಿ ಅಕ್ಷತೆ ಹಾಕಿದವರಲ್ಲಿ ನಾನೂ ಒಬ್ಬನು. ವರನನ್ನು ಒಂದು ಮಾತು ಕೇಳದವರಲ್ಲಿಯೂ ನಾನು ಒಬ್ಬನು.

ಅಂದಿನಿಂದ ನನಗೆ ಹೊಳೆದದ್ದು ಇಷ್ಟು: ಊರೊಳಗೆ ಯಾರ ಮನೆಯ ಸಂಗತಿ ಯಾರಿಗೂ ಮರೆಯಾದುದಲ್ಲ; ಊರೇ ನೋಟೀಸು, ಊರೇ ಸಾಕ್ಷಿ. ಗುರುತಿಲ್ಲದವರ ನಡುವೆ ಆ ಕೆಲಸವನ್ನು ಕಾಗದವೇ ಮಾಡಬೇಕು.

ನಮ್ಮ ಸರಕಾರದ 1969ನೆಯ ಇಸವಿಯ ವಿದೇಶ ವಿವಾಹ ಕಾಯದೆಯನ್ನು ಓದಿದೆನು. ಅದೂ ಹಿರಿಯರು ಕೇಳತಕ್ಕ ಪ್ರಶ್ನೆಗಳನ್ನೇ ಕೇಳುತ್ತದೆ: ಇಬ್ಬರಿಗೂ ಜೀವಂತ ಗಂಡನಾಗಲಿ ಹೆಂಡತಿಯಾಗಲಿ ಇಲ್ಲವಷ್ಟೆ? ವರನಿಗೆ 21, ವಧುವಿಗೆ 18 ತುಂಬಿದವೇ? ಸಂಬಂಧ ನಿಷಿದ್ಧವಲ್ಲವಷ್ಟೆ? ಇಬ್ಬರಲ್ಲಿ ಒಬ್ಬರಾದರೂ ಭಾರತದ ನಾಗರಿಕರಾಗಿರಬೇಕು. ಆ ದೇಶದಲ್ಲಿಯ ನಮ್ಮ ವಿವಾಹಾಧಿಕಾರಿಯ ಎದುರಿಗೇ ಲಗ್ನವಾಗುವದಾದರೆ 30 ದಿನಗಳ ವಾಸ, ತಕರಾರಿಗೆ 30 ದಿನಗಳ ಅವಕಾಶ, ಮೂವರು ಸಾಕ್ಷಿಗಳು ಬೇಕು. ಅಲ್ಲಿಯ ಕಾಯದೆಯಂತೆ ಆದ ಲಗ್ನವನ್ನೂ 17ನೆಯ ಕಲಮಿನ ಮೇರೆಗೆ ಆ ಅಧಿಕಾರಿಯಲ್ಲಿ ನೋಂದಿಸಬಹುದು.

ತಾಯಿಯವರನ್ನು ಕೊಟ್ಟದ್ದು ಸೋದರಮಾವನಿಗೆ. ಇಂಗ್ಲಂಡದಲ್ಲಿ ಅಂಥ ಲಗ್ನ ನಿಷಿದ್ಧವೆಂದೂ, ನಮ್ಮ ಕಾಯದೆಯು ರೂಢಿಯಿದ್ದಲ್ಲಿ ಒಪ್ಪುವದೆಂದೂ ಹೇಳಿದೆನು. “ಹಂಗಾದರ ನಾ ಅಲ್ಲಿ ಹುಟ್ಟಲಿಲ್ಲ, ಪಾಡಾತು!” ಎಂದು ನಕ್ಕುಬಿಟ್ಟರು.

ಲಗ್ನವು ಸಾಂಗವಾಗಿ ಮುಗಿಯಿತು. ನೋಂದಣಿ ಪತ್ರದ ಪ್ರತಿಯೊಂದು ನಮಗೂ ಬಂದಿತು. ಲಗ್ನಪತ್ರಿಕೆಗೆ ಹಚ್ಚುವಂತೆ ತಾಯಿಯವರು ಅದರ ನಾಲ್ಕು ಮೂಲೆಗಳಿಗೂ ಅರಿಷಿಣ ಹಚ್ಚಿ ದೇವರ ಜಗುಲಿಯ ಮೇಲೆ ಇಟ್ಟಿದ್ದಾರೆ. ಮಗಳನ್ನು ದೂರ ಕೊಡುವ ತಂದೆತಾಯಿಗಳು ಮುಹೂರ್ತವನ್ನು ಕೇಳುವದರ ಜೊತೆಗೆ ಈ ಕಾಗದವನ್ನೂ ಕೇಳಲಿ.